ಹಾಸನ ಸೀಮೆಯ ಕೆರೆ ಶಾಸನಗಳು: ಮುಕ್ತ ಸಂಶೋಧನೆಯ ಒಂದು ಹಳೆಯ ಮಾದರಿ

ಹಾಸನ ಜಿಲ್ಲೆಯಲ್ಲಿ ಪಡುವಣ ಮಲೆನಾಡಿನಿಂದ ಮೂಡಣ ಬಯಲಿಗೆ ಬಂದಂತೆಲ್ಲ ಮಳೆ ತಗ್ಗುತ್ತದೆ. ಹೇಮಾವತಿ ಹೊಳೆನರಸೀಪುರದ ಮಗ್ಗುಲಲ್ಲೂ ಕಾವೇರಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲೂ ಹರಿಯುತ್ತವೆ. ಆದರೆ ಹಿಂದೆ ಹೊಳೆಯ ನೀರು ಸಿಗುತ್ತಿದ್ದುದು ಅಣೆಕಟ್ಟೆಗಳ ನಾಲೆ ಹಾಯ್ದ ಊರುಗಳಿಗೆ ಮಾತ್ರ. ಚನ್ನರಾಯಪಟ್ಟಣದಂಥ ಒಣಸೀಮೆಯಲ್ಲಿ ಗದ್ದೆಯ ಬೇಸಾಯಕ್ಕೆ ಕೆರೆಯೇ ಆಧಾರವಾಗಿತ್ತು.

ಕೆರೆ ಕಟ್ಟಿಸುವುದು ಪುಣ್ಯದ ಕೆಲಸವೆಂಬ ನಂಬಿಕೆಯಿತ್ತು. ಆದರೆ ಕಟ್ಟಿದ ಕೆರೆಯನ್ನು ಉಳಿಸಿಕೊಳ್ಳಲು ಕಟ್ಟುಪಾಡು ಬೇಕಿತ್ತು. ಏರಿ ಬಿರಿಯುತ್ತದೆ, ತೂಬು ಸವೆಯುತ್ತದೆ, ಹೂಳು ತುಂಬುತ್ತದೆ. ಈ ಖರ್ಚಿಗೆ ಒದಗಿಸಿದ ಏರ್ಪಾಡುಗಳು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಕೆರೆ ಕಟ್ಟಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಬಿಡುತ್ತಿದ್ದ ಭೂಮಿ ಕಟ್ಟುಕೊಡಗೆ. ಕೆರೆಯ ರಕ್ಷಣೆಗೆಂದು ಬಿಟ್ಟ ದತ್ತಿ ಬಿತ್ತುವಟ್ಟ. ದೇವಸ್ಥಾನಕ್ಕೂ ಬಸದಿಗೂ ಬಿಟ್ಟ ಗದ್ದೆಯ ಎಲ್ಲೆ ಹೇಳುವಾಗ ಕೆರೆ, ಹಳ್ಳ, ಮರ, ಬಂಡೆಗಳನ್ನೇ ಗುರುತಾಗಿ ಹೇಳುವುದು ವಾಡಿಕೆ. ಹೀಗೆ ದಾನಶಾಸನವೊಂದು ಆ ಕಾಲದ ನೀರು ನೆಲದ ದಾಖಲೆಯೂ ಆಗುತ್ತದೆ. ಅದನ್ನು ನಾಲ್ಕು ಜನ ಓಡಾಡುವ ಕಡೆ ನೆಡುತ್ತಿದ್ದರು. ಏರ್ಪಾಡು ಊರಿಗೆಲ್ಲ ತಿಳಿದಿದ್ದರೆ ಅದನ್ನು ಮುರಿಯುವುದು ಕಷ್ಟ.

ಈ ಕಲ್ಲುಗಳ ಬರಹ ಪುಸ್ತಕಕ್ಕೆ ಬಂದದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. 1865ರಲ್ಲಿ ಮೇಜರ್ ಡಿಕ್ಸನ್ ಕೆಲವು ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವುಗಳ ನೆರವಿನಿಂದ ಮೈಸೂರಿನ ಅಧಿಕಾರಿ ಬಿ. ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರತಂದರು. 1885ರಲ್ಲಿ ಪುರಾತತ್ತ್ವ ಇಲಾಖೆ ಹುಟ್ಟಿದ ಮೇಲೆ ಕೆಲಸಕ್ಕೆ ವೇಗ ಬಂತು. ಪಂಡಿತರು ಊರೂರು ಅಲೆದು ಶಾಸನಗಳ ಪ್ರತಿ ಮಾಡಿಕೊಂಡರು. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಮಾಲೆಯಲ್ಲಿ ಹನ್ನೆರಡು ಸಂಪುಟಗಳು ಬಂದವು. ಹಾಸನ ಜಿಲ್ಲೆಯದು ಐದನೆಯದು, 1902ರಲ್ಲಿ ಪ್ರಕಟವಾಯಿತು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೇರಿದಂತೆ ತಾಲ್ಲೂಕುವಾರು ಶಾಸನಗಳಿಗೆ ಸಂಖ್ಯೆ ಕೊಡಲಾಯಿತು.

ರೈಸ್ ತಾವು ಕಂಡ ಇತಿಹಾಸವನ್ನಷ್ಟೇ ಬರೆದು ಮುಗಿಸಲಿಲ್ಲ. ಕನ್ನಡ ಪಾಠ, ರೋಮನ್ ಲಿಪಿಯ ರೂಪ, ಇಂಗ್ಲಿಷ್ ಅನುವಾದ, ಕಲ್ಲು ಇರುವ ಊರು, ಎಲ್ಲವನ್ನೂ ಮುಂದಿಟ್ಟರು. ಆದ್ದರಿಂದ ಓದಿದವರು ಒಪ್ಪಬಹುದಿತ್ತು, ತಪ್ಪಿದ್ದರೆ ಕಲ್ಲಿನ ಬಳಿಗೇ ಹೋಗಿ ತಿದ್ದಬಹುದಿತ್ತು. ಇಂದು ಮುಕ್ತ ಸಂಶೋಧನೆ ಎನ್ನುವುದರ ತಿರುಳೂ ಇದೇ.

ಅದರ ಫಲ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚೆನ್ನಾಗಿ ಕಾಣುತ್ತದೆ. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದ್ದರು. ಅದರ ಮೇಲೆಯೇ ಕೆಲಸ ಮುಂದುವರಿಸಿದ, ಅದೇ ಇಲಾಖೆಯ ಆರ್. ನರಸಿಂಹಾಚಾರ್ 1923ರ ಪರಿಷ್ಕೃತ ಸಂಪುಟದಲ್ಲಿ 500 ಶಾಸನಗಳನ್ನು ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಸಂಪುಟದಲ್ಲಿ ಅವು 573 ಆದವು. ಇದೇ ಸಂಸ್ಥೆಯ ಪರಿಷ್ಕೃತ ಮಾಲೆಯಲ್ಲಿ ಹಾಸನ ಜಿಲ್ಲೆಯ ಉಳಿದ ತಾಲ್ಲೂಕುಗಳೂ ಮುಂದೆ ಸೇರಿದವು.

ರಾಜವಂಶಗಳ ಕಾಲ ಗೊತ್ತುಮಾಡಲು ಮೊದಲು ಬಳಕೆಯಾದ ಈ ಸಂಪುಟಗಳು ಕ್ರಮೇಣ ನೀರಾವರಿಯ ಚರಿತ್ರೆಗೂ ಆಕರವಾದವು. ಇತಿಹಾಸಕಾರ ಜಿ. ಎಸ್. ದೀಕ್ಷಿತ್ ಮತ್ತು ಸಂಗಡಿಗರು ಕರ್ನಾಟಕದ ಕೆರೆ ನೀರಾವರಿಯ ಇತಿಹಾಸ ಬರೆದದ್ದು ಇಂಥ ಶಾಸನಗಳ ಬಲದಿಂದ. ಹಳೆಯ ಸಂಪುಟಗಳನ್ನು ಈಗ ಅಂತರಜಾಲದಲ್ಲೂ ಓದಬಹುದು. ಮುಕ್ತ ವಿಜ್ಞಾನದ ಬಗ್ಗೆ ಯುನೆಸ್ಕೊ ಶಿಫಾರಸು ಅಂಗೀಕರಿಸಿದ್ದು 2021ರಲ್ಲಿ. ಮೂಲ ಮಾಹಿತಿ ಎಲ್ಲರಿಗೂ ಸಿಗಬೇಕೆಂಬ ಅದರ ಆಶಯ ಹಾಸನದ ಮಟ್ಟಿಗೆ ತೀರ ಹೊಸದಲ್ಲ.

ಈ ಆಕರಕ್ಕೆ ಮಿತಿಗಳೂ ಇವೆ. ಶಾಸನ ದಾನಿಯ ಹೆಸರು ಹೇಳುತ್ತದೆ, ಮಣ್ಣು ಹೊತ್ತವರ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಕೊಟ್ಟ ಮಾತನ್ನು ದಾಖಲಿಸುತ್ತದೆ, ಅದು ಎಷ್ಟು ಕಾಲ ನಡೆಯಿತೆಂದು ತಿಳಿಸುವುದಿಲ್ಲ. ಹಳಗನ್ನಡದ ಪಾಠ, ಇಂಗ್ಲಿಷ್ ಅನುವಾದ ಎರಡೂ ಇಂದಿನ ರೈತನಿಗೆ ದೂರ. ಆದರೂ ಒಂದು ವಿಷಯದಲ್ಲಿ ಅವುಗಳ ಸಾಕ್ಷ್ಯ ಸ್ಪಷ್ಟ: ಕೆರೆ ಕಟ್ಟಲು ಒಮ್ಮೆ ಹಣ ಸಾಕು, ಉಳಿಸಲು ನಿತ್ಯದ ಆದಾಯ ಬೇಕು. ಕೆರೆ ಅಭಿವೃದ್ಧಿಯ ಯೋಜನೆ ಹಾಕುವವರು ಆ ಊರಿನ ಶಾಸನವನ್ನು ಒಮ್ಮೆ ಓದುವುದು ಒಳ್ಳೆಯದು.