ಹದಿನೈದಕ್ಕೂ ಐವತ್ತಕ್ಕೂ ನಡುವೆ

ಜಖಂಗೊಂಡ ಸ್ಪೋರ್ಟ್ಸ್ ಕಾರನ್ನು ಮನೆಯಂಗಳದಲ್ಲೇ ಬಿಚ್ಚಿ, ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸುವ ರೂಢಿ ದೆಹಲಿಯಲ್ಲಿ ಬೇರೂರಿದ್ದು ಬರೀ ಸಿರಿವಂತರ ಶೋಕಿಯಿಂದಲ್ಲ, ಆಮದು ನಿರ್ಬಂಧದಿಂದ. ಸುಂಕ ಆಯೋಗದ 1953ರ ವರದಿಯ ಬಳಿಕ, ಕಾರನ್ನು ಪೂರ್ತಿಯಾಗಿ ಇಲ್ಲೇ ತಯಾರಿಸುವ ಯೋಜನೆಯಿಲ್ಲದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ದೇಶ ಬಿಟ್ಟವು. ಉಳಿದ ಹಿಂದುಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಕಂಪನಿಗಳದು ಸಂಸಾರಸ್ಥರ ಕಾರುಗಳು. ಎರಡು ಸೀಟಿನ ವಿದೇಶಿ ಕಾರು ರಾಜಧಾನಿಗೆ ಬರುತ್ತಿದ್ದ ಒಂದು ಮುಖ್ಯ ದಾರಿ ರಾಯಭಾರ ಕಚೇರಿಗಳು. ರಾಜತಾಂತ್ರಿಕರು ಬಿಟ್ಟುಹೋದ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾಗುತ್ತಿದ್ದವು. ಕಾರು ಸಿಕ್ಕರೂ ಅದರ ಬಾನೆಟ್, ಮಡ್‌ಗಾರ್ಡ್ ಸಿಗುತ್ತಿರಲಿಲ್ಲ. ಆದ್ದರಿಂದ ನೆಗ್ಗಿದ ತಗಡನ್ನೇ ಸುತ್ತಿಗೆಯಿಂದ ಬಡಿದು ಸರಿಪಡಿಸಿ, ಪುಟ್ಟಿ ಮೆತ್ತಿ, ವಾಟರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಮೇಲೆ ತೆಳುವಾಗಿ ಹಲವು ಕೋಟ್ ಹೊಡೆಯಬೇಕಿತ್ತು. ನೈಟ್ರೊಸೆಲ್ಯುಲೋಸ್ ಬಣ್ಣ ಒಲೆಯ ಶಾಖವಿಲ್ಲದೆ ಗಾಳಿಗೇ ಬೇಗ ಒಣಗುತ್ತಿದ್ದುದರಿಂದ ಕಂಪ್ರೆಸರ್ ಮತ್ತು ಸ್ಪ್ರೇ ಗನ್ ಇದ್ದರೆ ಅಂಗಳವೇ ಸಾಕಾಗುತ್ತಿತ್ತು. ಬಿಡಿಭಾಗಕ್ಕೆ ಕಶ್ಮೀರಿ ಗೇಟ್, ಗುಜರಿಗೆ ಮೋತಿಯಾ ಖಾನ್, 1970ರ ದಶಕದಿಂದ ಮಾಯಾಪುರಿ. 1964ರಲ್ಲಿ ಶುರುವಾದ ಸ್ಟೇಟ್ಸ್‌ಮನ್ ವಿಂಟೇಜ್ ಕಾರ್ ರ್‍ಯಾಲಿಯ ಹೊಳಪಿನ ಹಿಂದೆ ಇಂಥ ಕೈಗಳ ದುಡಿಮೆಯಿದೆ.

ಇಂದಿನ ಕಾನೂನು ಈ ಇತಿಹಾಸವನ್ನು ಮರೆತಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ ವಲಯದಲ್ಲಿ ಪೆಟ್ರೋಲ್ ವಾಹನಗಳಿಗೆ 15 ವರ್ಷ, ಡೀಸೆಲ್ ವಾಹನಗಳಿಗೆ 10 ವರ್ಷದ ಮಿತಿ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಜಾರಿಗೊಳಿಸಲು ಹೇಳಿತು, 2025ರಲ್ಲಿ ಕೆಲವು ರಿಯಾಯಿತಿ ಕೊಟ್ಟಿತು. ಇತ್ತ 2021ರ ಕೇಂದ್ರ ನಿಯಮದಂತೆ ವಿಂಟೇಜ್ ಮನ್ನಣೆಗೆ 50 ವರ್ಷ ತುಂಬಿರಬೇಕು, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ನಡುವಿನ 35 ವರ್ಷ ಕಾರು ಬದುಕುವುದೆಲ್ಲಿ? 1983ರಲ್ಲಿ ಗುರುಗ್ರಾಮದಿಂದ ಹೊರಬಂದ ಮೊದಲ ಮಾರುತಿಗೂ 50 ತುಂಬುವುದು 2033ಕ್ಕೆ. ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಗೆ ತಂದ ಫೈಬರ್ ಮೈಯ ‘ಸ್ಟಾರ್ಮ್’ ನಮ್ಮ ದೇಶದಲ್ಲೇ ತಯಾರಾದ ಅಪರೂಪದ ಸ್ಪೋರ್ಟ್ಸ್ ಕಾರು; ಅದು ಪರಂಪರೆಯ ಪಟ್ಟಿ ಸೇರುವ ಮೊದಲೇ ಗುಜರಿ ಸೇರೀತು.

ಚಳಿಗಾಲದಲ್ಲಿ ಉಸಿರಾಡಲಾಗದ ಊರಿಗೆ ಹಳೇ ಎಂಜಿನ್ ಬೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಹಳೇ ಎಂಜಿನ್ ಹೆಚ್ಚು ಹೊಗೆಯುಗುಳುತ್ತದೆ. ಗಲ್ಲಿಯಲ್ಲಿ ಹೊಡೆದ ಬಣ್ಣದ ಥಿನ್ನರ್ ಆವಿ ಪೇಂಟರನ ಶ್ವಾಸಕೋಶಕ್ಕೇ ಮೊದಲು ಹೋಗುತ್ತದೆ. ಆದರೆ ಹಾನಿಯ ಪ್ರಮಾಣ ಕಾರಿನ ವಯಸ್ಸಿನ ಜೊತೆಗೆ ಅದು ಓಡುವ ದೂರವನ್ನೂ ಅವಲಂಬಿಸಿದೆ. ವಿಂಟೇಜ್ ಕಾರುಗಳು ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಯಬೇಕೆಂಬ ಷರತ್ತು ಈಗಾಗಲೇ ಇದೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾದಂತೆ ನಾವೂ ಮಿತಿಯನ್ನು 30 ವರ್ಷಕ್ಕಿಳಿಸಿ, ಅದೇ ಷರತ್ತನ್ನು ಬಿಗಿಯಾಗಿ ಹೇರಬಹುದು. ಬಣ್ಣದ ಕೆಲಸವನ್ನು ಫಿಲ್ಟರ್ ಇರುವ ಸಾಮೂಹಿಕ ಶೆಡ್ಡುಗಳಿಗೆ ಸಾಗಿಸಬಹುದು. ಇದು ಉಳ್ಳವರಿಗೆ ಕೊಡುವ ರಿಯಾಯಿತಿ ಎನ್ನುವವರು ಕೆಲಸ ಯಾರದೆಂದು ನೋಡಲಿ. ಕಾರಿನ ಒಡೆಯ ಇನ್ನೊಂದನ್ನು ಕೊಂಡಾನು. ಬಡಿದು ಸರಿಪಡಿಸಲು ಹಳೇ ತಗಡು ಸಿಗದಿದ್ದರೆ ಟಿಂಕರನ ವಿದ್ಯೆ ಅವನ ತಲೆಮಾರಿಗೇ ಮುಗಿಯುತ್ತದೆ.