ತುಘಲಕನ ಪ್ರಜೆಗಳ ಹಳೆಯ ಬಟ್ಟೆ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವು 1966ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿ ಪ್ರಯೋಗವಾಗಿ ಉರ್ದುವಿನಲ್ಲಿ ರಂಗವೇರಿತು. ಅದರ ರಾಜಕೀಯಾರ್ಥವನ್ನು ಬದಿಗಿಟ್ಟು ನಾವಿಲ್ಲಿ ಬಟ್ಟೆಯನ್ನಷ್ಟೇ ಪರಿಶೀಲಿಸುತ್ತೇವೆ. ನಾಟಕದ ಕ್ರಿಯೆ 1327ರಿಂದ 1332ರವರೆಗಿನದು. ನಡುವೆ ದೆಹಲಿಯಿಂದ ದೌಲತಾಬಾದಿಗೆ ಪ್ರಜೆಗಳ ಗುಳೆ. ದರ್ಜಿ ಹೊಲಿದು ತಂದ ಹೊಸ ಬಟ್ಟೆಯಲ್ಲಿ ಆ ದಾರಿ ಕಾಣದು. ಆಲ್ಕಾಜಿಯವರು ಮುಂದೆ ಇದೇ ನಾಟಕವನ್ನು ಆಡಿಸಿದ ಪುರಾನಾ ಕಿಲಾದಂತಹ ನಿಜವಾದ ಕಲ್ಲುಗೋಡೆಯ ಮುಂದಂತೂ (ಆ ಕೋಟೆ ತುಘಲಕನಿಗಿಂತ ಎರಡು ಶತಮಾನ ಈಚಿನದು) ಅದು ಇನ್ನಷ್ಟು ಸುಳ್ಳಾಗಿ ತೋರುತ್ತದೆ.

ಚಹಾದ ಡಿಕಾಕ್ಷನ್ನಿನಲ್ಲಿ ಅದ್ದುವುದು, ಉಪ್ಪುಕಾಗದದಿಂದ ಉಜ್ಜುವುದು, ಒದ್ದೆ ಅಂಚಿಗೆ ಕಲ್ಲು ಕಟ್ಟಿ ಜೋಲಿಸುವುದು ಬಟ್ಟೆಯನ್ನು ಹಳತಾಗಿಸುವ ರೂಢಿಯ ಕ್ರಮಗಳು. ಆದರೆ ಎಲ್ಲೆಡೆ ಒಂದೇ ಸಮನೆ ಕೊಳೆ ಬಳಿಯುವುದು ಸೋಮಾರಿತನವೇ ಸರಿ. ನಡೆದವನ ಬಟ್ಟೆ ಕೆಳಅಂಚಿನಲ್ಲಿ, ಹೊರೆ ಹೊತ್ತವನದು ಹೆಗಲಿನಲ್ಲಿ ಸವೆಯಬೇಕು.

ಅಜೀಜನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಆತ ವೃತ್ತಿಯಿಂದ ಅಗಸ. ಮೊದಲು ಬ್ರಾಹ್ಮಣನ ವೇಷ, ಕೊನೆಗೆ ತಾನೇ ಕೊಂದ ಘಿಯಾಸುದ್ದೀನನ ಉಡುಪು. ಪರರ ಬಟ್ಟೆ ಒಗೆಯುವವನು ಪರರ ಬಟ್ಟೆಯಲ್ಲೇ ಅಧಿಕಾರದ ಬಳಿ ಸೇರುತ್ತಾನೆ. ಆ ಉಡುಪು ಸವೆದಿರಬೇಕು, ಆದರೆ ಆ ಸವೆತ ಅವನ ಮೈಯದಾಗಿರಬಾರದು: ಸತ್ತವನ ಮೊಣಕೈ ಸವೆಸಿದ ಗುರುತು ಅಜೀಜನ ಮೊಣಕೈಗಿಂತ ಕೆಳಗೆ ಬೀಳಬೇಕೆಂಬುದು ನಮ್ಮ ಅಭಿಪ್ರಾಯ.