ಲೆವೆಲ್ ಮೊದಲೋ, ಲೂಟ್ ಮೊದಲೋ? ಆನ್‌ಲೈನ್ ಶೂಟಿಂಗ್ ಆಟಗಳ ಒಳಲೆಕ್ಕ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂತಹ ಊರುಗಳಲ್ಲಿ ಹಿರಿಯರಿಗೆ ‘ಫಾರ್ಮಿಂಗ್’ ಎಂದರೆ ಒಕ್ಕಲುತನ. ಕಿರಿಯರ ಬಾಯಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ. ಪರದೆಯ ಮೇಲಿನ ಒಬ್ಬನೇ ಶತ್ರುವನ್ನು ನೂರಾರು ಬಾರಿ ಹೊಡೆದು, ಅವನಿಂದ ಉದುರುವ ಬಂದೂಕನ್ನೋ ರಕ್ಷಾಕವಚವನ್ನೋ ಸಂಗ್ರಹಿಸುವುದೇ ಆಟದ ‘ಫಾರ್ಮಿಂಗ್’. ಇದರ ಜೋಡಿಪದ ‘ಗ್ರೈಂಡಿಂಗ್’, ಅಂದರೆ ಅರೆಯುವುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯನ್ನು ಬಲ್ಲವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಟನ್ ಅದಿರನ್ನು ಅರೆದರೂ ದೊರೆಯುವ ಚಿನ್ನ ಕೆಲವೇ ಗ್ರಾಂ. ಇನ್ನು ‘ಲೂಟ್’ ಎಂಬುದು ನಮ್ಮ ‘ಲೂಟಿ’ಯೇ. ಹಿಂದಿಯಿಂದ ಇಂಗ್ಲಿಷಿಗೆ ಹೋಗಿ, ಆಟದ ಮೂಲಕ ಮರಳಿ ಊರಿಗೆ ಬಂದಿದೆ.

ಆನ್‌ಲೈನ್ ಶೂಟಿಂಗ್ ಆಟಗಳಲ್ಲಿ ಆಟಗಾರ ಬೆಳೆಯಲು ಮೂರು ದಾರಿಗಳಿವೆ. ಮೊದಲನೆಯದು ಲೆವೆಲ್, ಅಂದರೆ ಪಾತ್ರದ ಹಂತ. ಆಡಿದಷ್ಟೂ ಅನುಭವದ ಅಂಕಗಳು ಕೂಡುತ್ತವೆ. ನಿಗದಿತ ಮೊತ್ತ ತಲುಪಿದೊಡನೆ ಹಂತ ಏರುತ್ತದೆ. ಇದು ತಿಂಗಳ ಸಂಬಳವಿದ್ದಂತೆ. ತಡವಾಗಬಹುದು, ತಪ್ಪುವುದಿಲ್ಲ. ಎರಡನೆಯದು ಲೂಟ್. ಇದು ಅದೃಷ್ಟದ ಕೈಯಲ್ಲಿದೆ. ಮೊದಲ ಯತ್ನದಲ್ಲೇ ಬರಬಹುದು, ವರ್ಷವಾದರೂ ಬಾರದಿರಬಹುದು. ಮೂರನೆಯದು ಗುರಿ ಹಿಡಿಯುವ ಕೈಚಳಕ. ಶೂಟಿಂಗ್ ಆಟದ ಮೂಲ ಬಂಡವಾಳ ಈ ಮೂರನೆಯದೇ. ಮೊದಲೆರಡು ಅದನ್ನು ನುಂಗದಂತೆ ನೋಡಿಕೊಳ್ಳುವುದು ಆಟ ಕಟ್ಟುವವರ ಹೊಣೆ. ತನ್ನ ಸಮಯವನ್ನು ಮೊದಲೆರಡರ ನಡುವೆ ಹೇಗೆ ಹಂಚಬೇಕೆಂಬುದು ಆಟಗಾರನ ತಲೆನೋವು.

ಮೂಲ ಎಲ್ಲಿ?

ಅನುಭವದ ಅಂಕಗಳ ಪದ್ಧತಿ ಬಂದೂಕಿನ ಆಟಗಳಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಮತ್ತು ದಾಳಗಳ ಮೇಜಿನಾಟದಲ್ಲಿ ಅದು ರೂಢಿಗೆ ಬಂತು. ಕಂಪ್ಯೂಟರಿನಲ್ಲಿ ಲೂಟ್ ಹುಚ್ಚಿಗೆ ಅಡಿಪಾಯ ಹಾಕಿದ್ದು 1996ರ ಕೊನೆಗೆ ಹೊರಬಂದ ಬ್ಲಿಜರ್ಡ್ ಸಂಸ್ಥೆಯ ‘ಡಯಾಬ್ಲೊ’. 2007ರ ‘ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್’ ಲೆವೆಲ್ ಪದ್ಧತಿಯನ್ನು ಹಲವರು ಒಟ್ಟಿಗೆ ಆಡುವ ಶೂಟಿಂಗ್ ಆಟಕ್ಕೆ ಬಿಗಿಯಾಗಿ ಹೊಲಿಯಿತು. ಅದರಲ್ಲಿ ಒಟ್ಟು 55 ಹಂತಗಳು. ಕೊನೆ ಮುಟ್ಟಿದವನು ಬಯಸಿದರೆ ಗಳಿಸಿದ್ದನ್ನೆಲ್ಲ ಬಿಟ್ಟು ಮತ್ತೆ 1ನೇ ಹಂತದಿಂದ ಆರಂಭಿಸಬಹುದು. ಪ್ರತಿಯಾಗಿ ಹೆಸರಿನ ಪಕ್ಕ ಒಂದು ಲಾಂಛನ ದೊರೆಯುತ್ತದೆ. ಲಕ್ಷಾಂತರ ಜನ ಇದಕ್ಕೂ ಒಪ್ಪಿದರು ಎಂಬುದು ಮನುಷ್ಯ ಸ್ವಭಾವದ ಬಗ್ಗೆ ಏನನ್ನೋ ಹೇಳುತ್ತದೆ. 2009ರಲ್ಲಿ ಗೇರ್‌ಬಾಕ್ಸ್ ಸಂಸ್ಥೆಯ ‘ಬಾರ್ಡರ್‌ಲ್ಯಾಂಡ್ಸ್’ ಡಯಾಬ್ಲೊದ ಲೂಟ್ ಪದ್ಧತಿಯನ್ನು ಬಂದೂಕಿಗೆ ಜೋಡಿಸಿತು. ‘ಲೂಟರ್ ಶೂಟರ್’ ಎಂಬ ಪ್ರಕಾರ ನೆಲೆಯೂರಿದ್ದು ಅಲ್ಲಿಂದ.

ಶೇಕಡಾ 1ರ ಮಾಯೆ

ಲೂಟ್ ಬೆನ್ನು ಹತ್ತಿದವರು ಸಾಮಾನ್ಯವಾಗಿ ಎಡವುವುದು ಒಂದು ಸರಳ ಗಣಿತದಲ್ಲಿ. ಒಂದು ಬಂದೂಕು ಉದುರುವ ಸಾಧ್ಯತೆ ಶೇ 1 ಎಂದಿಟ್ಟುಕೊಳ್ಳೋಣ. ನೂರು ಸುತ್ತು ಆಡಿದರೆ ಒಂದು ಖಚಿತ ಎಂದು ಹಲವರು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ನೂರು ಸುತ್ತಿನ ನಂತರ ಅದು ದೊರೆತಿರುವ ಸಾಧ್ಯತೆ ಸುಮಾರು ಶೇ 63 ಮಾತ್ರ. ನೂರು ಜನರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಇರುತ್ತಾರೆ. 230 ಸುತ್ತು ಆಡಿದರೂ ಹತ್ತರಲ್ಲಿ ಒಬ್ಬನಿಗೆ ಅದು ಸಿಕ್ಕಿರುವುದಿಲ್ಲ. ಒಂದು ಸುತ್ತಿಗೆ 6 ನಿಮಿಷ ಹಿಡಿದರೆ 230 ಸುತ್ತಿಗೆ 23 ಗಂಟೆ. ಹಿಂದಿನ ಸುತ್ತಿನಲ್ಲಿ ಬಾರದ್ದು ಮುಂದಿನ ಸುತ್ತಿನಲ್ಲಿ ಬಂದೇ ಬರುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಪ್ರತಿ ಸುತ್ತೂ ಹೊಸದು.

ಈ ಅನಿಶ್ಚಿತತೆಯೇ ಆಟಗಾರನನ್ನು ಕಟ್ಟಿಹಾಕುವ ಹಗ್ಗ. ಎಷ್ಟು ಬಾರಿ ಒತ್ತಿದರೆ ಕಾಳು ಬೀಳುತ್ತದೆಂದು ತಿಳಿಯದಿದ್ದಾಗ ಪಾರಿವಾಳ ಸನ್ನೆಯನ್ನು ಬಿಡದೆ ಕುಟುಕುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ತೋರಿಸಿದ್ದರು. ಇದರ ಬಿರುಸನ್ನು ತಗ್ಗಿಸಲು ಕೆಲವು ಆಟಗಳು ಇಂತಿಷ್ಟು ಯತ್ನ ವಿಫಲವಾದ ಮೇಲೆ ವಸ್ತುವನ್ನು ಖಚಿತವಾಗಿ ಕೊಡುವ ಏರ್ಪಾಡು ಮಾಡಿಕೊಂಡಿವೆ. ಆಟಗಾರರ ಭಾಷೆಯಲ್ಲಿ ಅದಕ್ಕೆ ‘ಪಿಟಿ’, ಎಂದರೆ ಕನಿಕರ. ಕನಿಕರದ ಗಡಿ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡು ಅರೆಯಲು ಕೂರುವುದು ಜಾಣತನ.

ಗುಹೆಯ ಮುಂದೆ ಸಾಲು ನಿಂತವರು

ಲೆವೆಲ್ ಮತ್ತು ಲೂಟ್ ನಡುವಿನ ತಕ್ಕಡಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬಂಜೀ ಸಂಸ್ಥೆಯ ‘ಡೆಸ್ಟಿನಿ’ಗಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ. 2014ರ ಸೆಪ್ಟೆಂಬರ್ 9ರಂದು ಬಿಡುಗಡೆಯಾದ ಈ ಆಟದಲ್ಲಿ ಅನುಭವದ ಅಂಕಗಳಿಂದ ಏರಬಹುದಾದದ್ದು 20ನೇ ಹಂತದವರೆಗೆ ಮಾತ್ರ. ಅಲ್ಲಿಂದ ಮುಂದೆ ಹಂತವನ್ನು ನಿರ್ಧರಿಸುತ್ತಿದ್ದುದು ತೊಟ್ಟ ರಕ್ಷಾಕವಚದಲ್ಲಿನ ‘ಲೈಟ್’ ಎಂಬ ಗುಣ. ಅಂದರೆ ಸಂಬಳ ನಿಂತುಹೋಗಿ ಲಾಟರಿ ಶುರುವಾದಂತೆ. ಆರಂಭದ ದಿನಗಳಲ್ಲಿ ಗರಿಷ್ಠವಾದ 30ನೇ ಹಂತ ಮುಟ್ಟಲು ‘ವಾಲ್ಟ್ ಆಫ್ ಗ್ಲಾಸ್’ ಎಂಬ ಆರು ಮಂದಿಯ ಕಾರ್ಯಾಚರಣೆಯಲ್ಲಿ ಸಿಗುವ ಕವಚಗಳೇ ಬೇಕಿದ್ದವು. ಒಂದೇ ಒಂದು ಭಾಗ ಸಿಗದೆ ವಾರಗಟ್ಟಲೆ 29ರಲ್ಲೇ ಉಳಿದವರು ಅಸಂಖ್ಯ. ‘ಎಂದೆಂದಿಗೂ 29’ ಎಂಬುದು ಅವರ ನಡುವಿನ ಗಾದೆಯೇ ಆಗಿಹೋಯಿತು. ಚೆನ್ನಾಗಿ ಆಡುವವನು ಕೆಳಗೆ, ಅದೃಷ್ಟವಂತ ಮೇಲೆ ಎಂಬ ಸ್ಥಿತಿ ಯಾವ ಆಟಕ್ಕೂ ಶೋಭೆಯಲ್ಲ.

ಇದೇ ಆಟದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಹಳೆಯ ರಷ್ಯಾ ಎಂಬ ಭಾಗದ ಒಂದು ಗುಹೆಯಿಂದ ಶತ್ರುಗಳು ಕೆಲವೇ ಕ್ಷಣಗಳಿಗೊಮ್ಮೆ ಹೊರಬರುತ್ತಿದ್ದುದನ್ನು ಆಟಗಾರರು ಕಂಡುಕೊಂಡರು. ದೂರ ನಿಂತು ಗುಹೆಯ ಬಾಯಿಗೆ ಗುಂಡು ಹಾರಿಸುತ್ತಿದ್ದರೆ ಸಾಕು, ಲೂಟ್ ರಾಶಿ ಬೀಳುತ್ತಿತ್ತು. ಬಹುಕೋಟಿ ವೆಚ್ಚದಲ್ಲಿ ಕಟ್ಟಿದ ಗ್ರಹಗಳು, ಕಥೆ, ಯುದ್ಧಗಳನ್ನೆಲ್ಲ ಬಿಟ್ಟು ಜನ ಗಂಟೆಗಟ್ಟಲೆ ಒಂದು ಬಿಲದ ಮುಂದೆ ನಿಂತರು. ಬಂಜೀ ಅದೇ ತಿಂಗಳು ಆ ದಾರಿಯನ್ನು ಮುಚ್ಚಿತು. ತಪ್ಪು ಆಟಗಾರರದೆನ್ನಲಾಗದು. ಗಂಟೆಗೆ ಅತಿ ಹೆಚ್ಚು ಫಲ ಎಲ್ಲಿ ಸಿಗುತ್ತದೋ ಅಲ್ಲಿಗೆ ಕಾಲು ಹೋಗುತ್ತದೆ, ಅದೆಷ್ಟೇ ನೀರಸವಾಗಿದ್ದರೂ. 2015ರ ಸೆಪ್ಟೆಂಬರ್‌ನಲ್ಲಿ ಬಂದ ‘ದಿ ಟೇಕನ್ ಕಿಂಗ್’ ವಿಸ್ತರಣೆಯಲ್ಲಿ ಸಂಸ್ಥೆ ಇಡೀ ಪದ್ಧತಿಯನ್ನೇ ಬದಲಿಸಿತು. ಲೆವೆಲ್ ಮತ್ತೆ ಅನುಭವದ ಅಂಕಗಳಿಗೆ ಮರಳಿತು. ಲೈಟ್ ಎಂಬುದು ತೊಟ್ಟ ವಸ್ತುಗಳ ಸರಾಸರಿ ಸಂಖ್ಯೆಯಾಗಿ ಬೇರೆಯಾಯಿತು. ಇದರಿಂದ ಒಂದು ಭಾಗ ಸಿಗದವನೂ ಉಳಿದವುಗಳಿಂದ ಮೇಲೇರಲು ಸಾಧ್ಯವಾಯಿತು.

ಇನ್ನೊಂದು ಬಗೆಯ ನಷ್ಟ ಕಂಡಿದ್ದು ‘ಬಾರ್ಡರ್‌ಲ್ಯಾಂಡ್ಸ್ 2’ರಲ್ಲಿ. 2012ರಲ್ಲಿ ಹೊರಬಂದಾಗ ಅದರ ಗರಿಷ್ಠ ಹಂತ 50. ಅಲ್ಲಿ ಬಂದೂಕಿಗೂ ಹಂತವಿದೆ. ಎತ್ತರದ ಹಂತದ ಶತ್ರುವಿನ ಮುಂದೆ ಕೆಳಹಂತದ ಬಂದೂಕು ಆಟಿಕೆಯಾಗುತ್ತದೆ. 2013ರಲ್ಲಿ ಮಿತಿ 61ಕ್ಕೆ, ಅದೇ ವರ್ಷ 72ಕ್ಕೆ, 2019ರಲ್ಲಿ 80ಕ್ಕೆ ಏರಿತು. ಪ್ರತಿ ಬಾರಿಯೂ ಹಿಂದಿನ ಮಿತಿಯಲ್ಲಿ ತಿಂಗಳುಗಟ್ಟಲೆ ಅರೆದು ಗಳಿಸಿದ ಶಸ್ತ್ರಾಗಾರ ಗುಜರಿಗೆ ಸಮಾನವಾಯಿತು. ನುರಿತ ಆಟಗಾರರು ಪಾಲಿಸುವ ಕ್ರಮ ಹುಟ್ಟಿದ್ದು ಇಂತಹ ಅನುಭವಗಳಿಂದಲೇ. ಹಂತ ಏರುವಾಗ ಕೈಗೆ ಸಿಕ್ಕ ಬಂದೂಕಿನಲ್ಲೇ ಕಥೆಯನ್ನು ಮುಂದುವರಿಸುವುದು, ಮಧ್ಯದಲ್ಲಿ ಒಂದು ವಸ್ತುವಿಗಾಗಿ ನಿಲ್ಲದಿರುವುದು, ಗರಿಷ್ಠ ಹಂತ ಮುಟ್ಟಿದ ಮೇಲಷ್ಟೇ ನಿರ್ದಿಷ್ಟ ವಸ್ತುವಿಗೆ ಅರೆಯಲು ಕೂರುವುದು. ಮಿತಿ ಏರಿಸುವ ಪ್ರಕಟಣೆ ಹೊರಬಿದ್ದಿದ್ದರೆ ಅದನ್ನೂ ಮುಂದೂಡುವುದು. ಇದಕ್ಕೆ ಅಪವಾದವೂ ಉಂಟು. 2013ರಿಂದ ನಡೆಯುತ್ತಿರುವ ‘ವಾರ್‌ಫ್ರೇಮ್’ನಲ್ಲಿ ಪ್ರತಿ ಹೊಸ ಶಸ್ತ್ರದ ದರ್ಜೆ ಏರಿದಂತೆಲ್ಲ ಆಟಗಾರನ ಸ್ವಂತ ದರ್ಜೆಗೆ ಅಂಕ ಸೇರುವುದರಿಂದ ಅಲ್ಲಿ ಲೂಟ್ ಇಲ್ಲದೆ ಲೆವೆಲ್ ಇಲ್ಲ.

ದುಡ್ಡಿನ ಅಡ್ಡದಾರಿ

ಅರೆಯುವ ಬೇಸರವನ್ನು ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬಹುದಾದರೆ, ಬೇಸರವನ್ನು ಹೆಚ್ಚಿಸುವುದರಲ್ಲೇ ಕಂಪನಿಗೆ ಲಾಭವೆಂಬ ಅನುಮಾನ ಸಹಜ. 2017ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಈ ಅನುಮಾನವನ್ನು ಬೀದಿಗೆ ತಂದಿತು. ಡಾರ್ತ್ ವೇಡರ್ ಪಾತ್ರವನ್ನು ಪಡೆಯಲು 60,000 ಕ್ರೆಡಿಟ್ ಬೇಕಿತ್ತು. ಅದಕ್ಕೆ ಸುಮಾರು 40 ಗಂಟೆ ಆಡಬೇಕೆಂದು ಆಟಗಾರರು ಲೆಕ್ಕ ಹಾಕಿದರು. ಪ್ರತಿಭಟನೆ ಭುಗಿಲೆದ್ದಾಗ ಬೆಲೆಯನ್ನು 15,000ಕ್ಕೆ ಇಳಿಸಿದ ಸಂಸ್ಥೆ, ಬಿಡುಗಡೆಯ ಹೊತ್ತಿಗೆ ಆಟದೊಳಗಿನ ಖರೀದಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ, ‘ಓವರ್‌ವಾಚ್’ ಸೇರಿದಂತೆ ಕೆಲವು ಆಟಗಳಲ್ಲಿ ಹಣಕ್ಕೆ ಮಾರುವ ಅದೃಷ್ಟದ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧವೆಂದು ಸಾರಿತು.

ಕರ್ನಾಟಕದ ಹುಡುಗರ ಕೈಯಲ್ಲಿ

ರಾಜ್ಯದ ಬಹುಪಾಲು ಹುಡುಗರು ಆಡುವುದು ಕಂಪ್ಯೂಟರಿನಲ್ಲಲ್ಲ, ಮೊಬೈಲಿನಲ್ಲಿ. ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’, ಅಂದರೆ ಬಿಜಿಎಂಐನಲ್ಲಿ ಲೂಟ್ ಎರಡು ಬಗೆ. ನೂರು ಜನರ ಪಂದ್ಯದೊಳಗೆ ನೆಲದಿಂದ ಆಯ್ದುಕೊಳ್ಳುವ ಬಂದೂಕು, ಹೆಲ್ಮೆಟ್, ಚೀಲಗಳು ಪಂದ್ಯದೊಂದಿಗೇ ಮುಗಿಯುತ್ತವೆ. ಮುಂದಿನ ಪಂದ್ಯದಲ್ಲಿ ಎಲ್ಲರೂ ಮತ್ತೆ ಬರಿಗೈ. ಖಾತೆಯ ಲೆವೆಲ್ 5 ಇರಲಿ, 70 ಇರಲಿ, ಗುಂಡಿನ ಪೆಟ್ಟು ಒಂದೇ. ಈ ನ್ಯಾಯವೇ ಆಟದ ಜನಪ್ರಿಯತೆಗೆ ದೊಡ್ಡ ಕಾರಣವೆನ್ನಬೇಕು. ಪಂದ್ಯದ ಹೊರಗೆ ಉಳಿಯುವ ಲೂಟ್ ಎಂದರೆ ಪೆಟ್ಟಿಗೆ ಒಡೆದು ಪಡೆಯುವ ಉಡುಪು, ಬಂದೂಕಿನ ಬಣ್ಣ. ‘ಯುಸಿ’ ಎಂಬ ಆಟದ ನಾಣ್ಯಕ್ಕೆ ಮನೆಯವರ ಹಣ ಹರಿಯುವುದು ಇಲ್ಲಿಂದ.

ಗರೆನಾ ಸಂಸ್ಥೆಯ ‘ಫ್ರೀ ಫೈರ್’ ಹಾಗಲ್ಲ. ಅಲ್ಲಿ ಪಾತ್ರಗಳಿಗೆ ವಿಶೇಷ ಶಕ್ತಿಗಳಿವೆ. ಬಂದೂಕಿನ ಬಣ್ಣಗಳಿಗೂ ಪೆಟ್ಟಿನ ಬಲ, ಗುಂಡು ತುಂಬುವ ವೇಗ ಮುಂತಾದ ಗುಣಗಳಿವೆ. ಪೆಟ್ಟಿಗೆಯಿಂದ ಒಳ್ಳೆಯ ಬಣ್ಣ ಪಡೆದವನಿಗೆ ಪಂದ್ಯದಲ್ಲೂ ತುಸು ಮೇಲುಗೈ. ಗೆಳೆಯರು ತಮ್ಮೊಳಗೆ ಪಂದ್ಯ ಏರ್ಪಡಿಸುವಾಗ ಬಂದೂಕಿನ ಈ ಗುಣಗಳನ್ನು ನಿಲ್ಲಿಸಿಡುವ ಅವಕಾಶವಿದ್ದು, ಸಮಬಲದ ಸ್ಪರ್ಧೆ ಬೇಕೆನ್ನುವವರಿಗೆ ಅದೇ ದಾರಿ.

ಸಮಯ ಮತ್ತು ಹಣಕ್ಕೆ ಮಿತಿ ಹಾಕುವ ಯತ್ನಗಳೂ ನಡೆದಿವೆ. 2021ರ ಜುಲೈ 2ರಂದು ಬಿಜಿಎಂಐ ಬಿಡುಗಡೆಯಾದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ, 7,000 ರೂಪಾಯಿ ಖರ್ಚು ಎಂಬ ಮಿತಿಯನ್ನು ಸಂಸ್ಥೆ ಪ್ರಕಟಿಸಿತ್ತು. ದಿನಕ್ಕೆ 7,000 ರೂಪಾಯಿ ಎಂಬುದನ್ನು ಮಿತಿ ಎನ್ನಬೇಕೇ ಎಂಬ ಪ್ರಶ್ನೆಯನ್ನು ಪೋಷಕರಿಗೆ ಬಿಡಬಹುದು. ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ಕರ್ನಾಟಕ ಪೊಲೀಸ್ (ತಿದ್ದುಪಡಿ) ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಗುರಿಯಾಗಿಸಿಕೊಂಡಿತ್ತು. ಅದರ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡುತ್ತದೆ. ಆದರೆ ಲೂಟ್ ಪೆಟ್ಟಿಗೆಗಳನ್ನು ಅದು ಪ್ರತ್ಯೇಕವಾಗಿ ಹೆಸರಿಸುವುದಿಲ್ಲ.

ಗಳಿಸಿದ್ದು ಯಾರದು?

ಲೆವೆಲ್ಲೂ ಲೂಟೂ ಇರುವುದು ಕಂಪನಿಯ ಸರ್ವರಿನಲ್ಲಿ. ಬಹುತೇಕ ಆಟಗಳ ನಿಬಂಧನೆಗಳ ಪ್ರಕಾರ ಆಟಗಾರನಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ, ಒಡೆತನವಲ್ಲ. ಖಾತೆಯನ್ನು ಮಾರುವುದು, ಕೊಳ್ಳುವುದು ನಿಷಿದ್ಧ. ಹಾಗಿದ್ದೂ ‘ಐಡಿ’ ಮಾರಾಟ ಗುಟ್ಟಾಗಿ ನಡೆಯುತ್ತದೆ. ಕೊಂಡವನ ಖಾತೆ ಮರುದಿನವೇ ರದ್ದಾದರೆ ದೂರು ಕೊಡಲು ಜಾಗವಿಲ್ಲ.

ಈ ಮಾತಿನ ತೂಕ ಭಾರತದ ಆಟಗಾರರಿಗೆ ಅರಿವಾದದ್ದು 2020ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ‘ಪಬ್‌ಜಿ ಮೊಬೈಲ್’ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರುಗಳು ಭಾರತದ ಮಟ್ಟಿಗೆ ಮುಚ್ಚಿದವು. ವರ್ಷಗಟ್ಟಲೆ ಏರಿದ ಹಂತ, ಹಣ ಕೊಟ್ಟು ಕೊಂಡ ಉಡುಪು ಎಲ್ಲವೂ ಒಂದೇ ದಿನ ಕಣ್ಮರೆ. ‘ಫ್ರೀ ಫೈರ್’ ನಿಷೇಧವಾದದ್ದು 2022ರ ಫೆಬ್ರುವರಿಯಲ್ಲಿ. ಅದರ ಖಾತೆಗಳು ಮಾತ್ರ ಅದೇ ಸಂಸ್ಥೆಯ ‘ಫ್ರೀ ಫೈರ್ ಮ್ಯಾಕ್ಸ್’ನಲ್ಲಿ ಹಾಗೆಯೇ ತೆರೆದುಕೊಂಡವು. ಬಿಜಿಎಂಐ ಕೂಡ 2022ರ ಜುಲೈ 28ರಂದು ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು.

ಪಬ್‌ಜಿಯಲ್ಲಿ ಕಳೆದುಕೊಂಡದ್ದನ್ನು ಹಳೆಯ ಆಟಗಾರರು ಬಿಜಿಎಂಐಗೆ ವರ್ಗಾಯಿಸಿಕೊಳ್ಳಲು 2021ರಲ್ಲಿ ಕ್ರಾಫ್ಟನ್ ಅವಕಾಶ ಕೊಟ್ಟಿತ್ತು. ತಮ್ಮ ಖಾತೆಯನ್ನು ಸಾಮಾಜಿಕ ಜಾಲತಾಣಕ್ಕೆ ಜೋಡಿಸಿಕೊಂಡಿದ್ದವರಿಗೆ ಹಳೆಯ ಪೆಟ್ಟಿಗೆ ಮರಳಿ ಸಿಕ್ಕಿತು. ‘ಅತಿಥಿ’ ಎಂದು ಒತ್ತಿ ಒಳಹೊಕ್ಕು, ಅದೇ ಖಾತೆಯಲ್ಲಿ ಆಡುತ್ತಾ ಬಂದವರು 1ನೇ ಲೆವೆಲ್ಲಿನಿಂದಲೇ ಆರಂಭಿಸಬೇಕಾಯಿತು.